ಹೆಳವಜ್ಜನನ್ನು ಭಿಕ್ಷುಕನೆಂದು ಬರೆಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ಬಂದಿತ್ತು. ಎರಡೂ ಬದಿಗೆ ಬಿಳಿಜೋಳದ ಹೊಲ, ನಡುವೆ ಗಾಡಿದಾರಿ, ಕೊರಳಿಗೆ ಗಂಟೆ ಕಟ್ಟಿದ ಎತ್ತು, ಎತ್ತಿನ ಬೆನ್ನ ಮೇಲೆ ರುಮಾಲು ಸುತ್ತಿದ ಒಬ್ಬ ಹಿರಿಯರು. ಚಿತ್ರ ಚೆನ್ನಾಗಿತ್ತು. ಅದರ ಕೆಳಗಿನ ಸಾಲನ್ನು ಓದಿದ ಮೇಲೆ ನನಗೆ ತುತ್ತು ಗಂಟಲಿನಲ್ಲಿ ಇಳಿಯಲಿಲ್ಲ. ‘ಬೀಳಗಿ ತಾಲ್ಲೂಕಿನಲ್ಲಿ ಎತ್ತಿನ ಮೇಲೆ ಭಿಕ್ಷೆಗೆ ಹೊರಟ ವೃದ್ಧ’ ಎಂದು ಬರೆದಿದ್ದಿರಿ.

ಆ ಹಿರಿಯರನ್ನು ನಾನು ಬಲ್ಲೆ. ಅವರು ನನ್ನ ತವರುಮನೆಯ ಹೆಳವರು, ಎಂದರೆ ಮನೆತನದ ವಂಶಾವಳಿಯನ್ನು ಬರೆದಿಟ್ಟು ಹೇಳುವವರು. ಅವರ ಅಜ್ಜ ನಮ್ಮ ಮುತ್ತಜ್ಜನ ಅಂಗಳದಲ್ಲಿ ನಿಂತು ವಂಶದ ಹೆಸರು ಹೇಳಿದವರು, ಅವರ ತಂದೆ ನಮ್ಮ ಅಜ್ಜನ ಅಂಗಳದಲ್ಲಿ ಹೇಳಿದವರು. ಇವರು ನನ್ನ ತಂದೆಯ ಕಾಲದಿಂದ ಬರುತ್ತಿದ್ದಾರೆ. ನಾನು 67 ವರ್ಷದ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ಕೃಷ್ಣೆಯ ದಂಡೆಯ ನಮ್ಮೂರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಬಾಗಲಕೋಟೆಯ ನವನಗರಕ್ಕೆ ಬಂದು ನೆಲೆಸಿದವಳು. ಒಂದು ಪದಕ್ಕೆ ಇಷ್ಟುದ್ದದ ಪತ್ರವೇ ಎಂದು ನಿಮಗೆ ಅನ್ನಿಸಬಹುದು. ಅದೇ ಪದ ನಮ್ಮ ಮನೆತನವನ್ನು 7 ವರ್ಷ ಕಚೇರಿಯಿಂದ ಕಚೇರಿಗೆ ಅಲೆಸಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊಸ ತಲೆಮಾರಿನ ಓದುಗರಿಗೆ ತಿಳಿದಿರಲಿಕ್ಕಿಲ್ಲ, ಆದ್ದರಿಂದ ಮೊದಲು ಹೆಳವರ ವಿಷಯ ಹೇಳುತ್ತೇನೆ. ಹೆಳವ ಎಂದರೆ ಕಾಲಿಲ್ಲದವನು. ತಮ್ಮ ಮೂಲಪುರುಷ ಕಾಲಿಲ್ಲದವನಾಗಿದ್ದ, ಅವನು ಊರೂರು ತಿರುಗಲೆಂದು ಬಸವಣ್ಣನವರು ಎತ್ತನ್ನು ಕೊಟ್ಟರು ಎಂಬ ಕಥೆಯನ್ನು ನಮ್ಮ ಹೆಳವಜ್ಜ ಹೇಳುತ್ತಾರೆ. ಒಂದೊಂದು ಹೆಳವ ಮನೆತನಕ್ಕೂ ಇಂತಿಂಥ ಊರು, ಇಂತಿಂಥ ಮನೆ ಎಂದು ಪಾಲು ಇರುತ್ತದೆ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಪ್ರತಿ ವರ್ಷವೂ ಬರುವುದಿಲ್ಲ, ಕೆಲವೊಮ್ಮೆ ಮೂರು ನಾಲ್ಕು ವರ್ಷಕ್ಕೊಮ್ಮೆ. ಬಂದವರು ಮನೆಯ ಮುಂದೆ ನಿಂತು ಗಂಟೆ ಬಾರಿಸಿ ಆ ಮನೆತನದ ಹಿರಿಯರ ಹೆಸರನ್ನು ಒಂದಾದ ಮೇಲೊಂದು ಹೇಳುತ್ತಾರೆ: ಯಾರ ಮಗ ಯಾರು, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು, ಯಾವ ಬರದಲ್ಲಿ ಬಂದರು. ಹಿಂದಿನ ಸಲ ಬಂದು ಹೋದ ಮೇಲೆ ಮನೆಯಲ್ಲಿ ಹುಟ್ಟಿದವರನ್ನು, ಸತ್ತವರನ್ನು ಕೇಳಿ ಬರೆದುಕೊಳ್ಳುತ್ತಾರೆ. ಮನೆಯವರು ಕಾಳು, ಬಟ್ಟೆ, ದುಡ್ಡು ಕೊಡುತ್ತಾರೆ. ಶಕ್ತಿ ಇದ್ದವರು ಕರುವನ್ನೂ ಕೊಟ್ಟದ್ದುಂಟು. ಅದು ಮಾಡಿದ ಕೆಲಸಕ್ಕೆ ಕೊಡುವ ಸಂಭಾವನೆ. ವಕೀಲರಿಗೆ ಕೊಟ್ಟರೆ ಶುಲ್ಕ, ಹೆಳವರಿಗೆ ಕೊಟ್ಟರೆ ಭಿಕ್ಷೆ ಎಂದು ಬರೆಯುವುದು ಯಾವ ನ್ಯಾಯ?

ಅವರ ಪುಸ್ತಕವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಕೆಂಪು ಬಟ್ಟೆಯಲ್ಲಿ ಎರಡು ಸುತ್ತು ಸುತ್ತಿ, ದಾರದಿಂದ ಬಿಗಿದು, ಜೋಳಿಗೆಯಲ್ಲಿ ಇಟ್ಟಿರುತ್ತಾರೆ. ಬಿಚ್ಚುವ ಮೊದಲು ಕೈ ತೊಳೆದುಕೊಂಡು ಒಮ್ಮೆ ಹಣೆಗೆ ಮುಟ್ಟಿಸಿಕೊಳ್ಳುತ್ತಾರೆ. ಒಳಗೆ ಉದ್ದನೆಯ ಹಾಳೆಗಳು, ಅಂಚು ಕಂದಿ ಹಪ್ಪಳದಂತಾಗಿವೆ. ಹಳೆಯ ಹಾಳೆಗಳಲ್ಲಿ ಮರಾಠಿಯ ಹಳೆಯ ಓಡುಬರಹವಾದ ಮೋಡಿ ಲಿಪಿ, ನಡುವಿನವುಗಳಲ್ಲಿ ಕೂಡಿಸಿ ಬರೆದ ಕನ್ನಡ, ಕೊನೆಯ ನಾಲ್ಕೈದು ಹಾಳೆಗಳಲ್ಲಿ ಬಾಲ್‌ಪೆನ್ನಿನ ನೀಲಿ ಅಕ್ಷರ. ನಮ್ಮ ಮನೆತನದ ಹಾಳೆಯ ಒಂದು ಮೂಲೆಯನ್ನು ಗೆದ್ದಲು ತಿಂದಿದೆ. ಅಲ್ಲಿ ಎರಡು ಹೆಸರುಗಳಿದ್ದವು. ಅವೆರಡೂ ಈಗ ಹೆಳವಜ್ಜನ ಬಾಯಿಯಲ್ಲಿ ಮಾತ್ರ ಇವೆ.

ಮುಳುಗಡೆಯ ಕಾಲದ ಮಾತಿಗೆ ಬರುತ್ತೇನೆ. ನಮ್ಮ ಊರಿನಲ್ಲಿ ಒಂದೇ ಅಡ್ಡಹೆಸರಿನ ಎರಡು ಮನೆಗಳಿದ್ದವು. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ನಮ್ಮಲ್ಲಿ ರೂಢಿ. ಹೀಗಾಗಿ ಎರಡೂ ಮನೆಗಳಲ್ಲಿ ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ ಎಂದು ಹಗ್ಗ ಹೊಸೆದಂತೆ ಅವೇ ಎರಡು ಹೆಸರುಗಳು. ಪರಿಹಾರದ ಸಮಯದಲ್ಲಿ ಜಮೀನಿನ ಹಳೆಯ ದಾಖಲೆಯಾದ ಉತಾರದಲ್ಲಿದ್ದ ಬಸಪ್ಪ ನಮ್ಮ ಬಸಪ್ಪನೋ ಆ ಮನೆಯ ಬಸಪ್ಪನೋ ಎಂಬ ಪ್ರಶ್ನೆ ಎದ್ದಿತು. ಕುಲಕರ್ಣಿಯವರ ಕಾಲದ ದಫ್ತರ ಮೋಡಿಯಲ್ಲಿತ್ತು, ಅದನ್ನು ಓದಬಲ್ಲವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ನನ್ನ ತಂದೆ ಹೆಳವಜ್ಜನನ್ನು ಹುಡುಕಿ ಕರೆತಂದರು. ಅವರ ಪುಸ್ತಕದಲ್ಲಿ ಸ್ಪಷ್ಟವಾಗಿ ಇತ್ತು: ನಮ್ಮವರು ‘ಅಗಸಿಯ ಬಸಪ್ಪ’ (ಊರ ಬಾಗಿಲಿನ ಕಡೆಯವರು), ಅವರು ‘ಬಾವಿಯ ಕಡೆಯ ಬಸಪ್ಪ’. ಬಾವಿಯ ಕಡೆಯವರು ಕಲಾದಗಿಯ ಸೀಮೆಯಿಂದ ಬರದಲ್ಲಿ ಬಂದವರು, ನಮ್ಮವರು ಅದಕ್ಕೂ ಮೊದಲಿನಿಂದ ಇದ್ದವರು.

ಒಂದು ಕಚೇರಿಯ ಮೇಜಿನ ಮೇಲೆ ಆ ಪುಸ್ತಕವನ್ನು ಬಿಚ್ಚಿಟ್ಟಾಗ ಅಲ್ಲಿದ್ದ ಅಧಿಕಾರಿ ಅದನ್ನು ಬೆರಳ ತುದಿಯಿಂದ ಆಚೆಗೆ ಸರಿಸಿ, ‘ಭಿಕ್ಷೆಯವರ ಪುಸ್ತಕ ತಂದು ದಾಖಲೆ ಎನ್ನುತ್ತೀರಲ್ಲ’ ಎಂದರು. ಹೆಳವಜ್ಜ ಒಂದು ಮಾತನ್ನೂ ಆಡಲಿಲ್ಲ. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದರು. ಅಂದಿನಿಂದ 7 ವರ್ಷ ನ್ಯಾಯಾಲಯಕ್ಕೆ ತಿರುಗಿದೆವು. ಕೊನೆಗೆ ನಮ್ಮ ವಕೀಲರು 1872ರ ಸಾಕ್ಷ್ಯ ಕಾಯ್ದೆಯ 32ನೇ ಕಲಮನ್ನು ತೆಗೆದು ತೋರಿಸಿದರು. ತೀರಿಹೋದವರ ಸಂಬಂಧದ ಬಗ್ಗೆ ಕುಟುಂಬದ ವಂಶಾವಳಿಯಲ್ಲಿ, ಗೋರಿಕಲ್ಲಿನ ಮೇಲೆ ಕೂಡ, ವ್ಯಾಜ್ಯ ಹುಟ್ಟುವ ಮೊದಲೇ ಬರೆದದ್ದಿದ್ದರೆ ಅದನ್ನು ಪರಿಗಣಿಸಬಹುದು ಎಂದು ಅಲ್ಲಿದೆ. ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಆ ಅವಕಾಶವನ್ನು ಉಳಿಸಿದ್ದಾರೆ. ತೀರ್ಪು ಬಂತು. ಅಷ್ಟರಲ್ಲಿ ನನ್ನ ತಂದೆ ಇರಲಿಲ್ಲ.

ಈ ಕೆಲಸವನ್ನು ಬೇರೆ ಕಡೆ ಹೇಗೆ ನೋಡುತ್ತಾರೆ ಎಂದು ನನಗೆ ತಿಳಿದದ್ದು 2019ರಲ್ಲಿ. ಮಗಳು ಉದ್ಯೋಗದ ನಿಮಿತ್ತ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದ್ದಾಳೆ. ಅವಳ ಬಾಣಂತನಕ್ಕೆಂದು ಹೋಗಿ ಮೂರು ತಿಂಗಳು ಇದ್ದೆ. ಪಕ್ಕದ ಮನೆಯ ಅಜ್ಜಿ ನಿವೃತ್ತ ದಾದಿ, ನನ್ನ ವಾರಿಗೆಯವರು. ಮೊಮ್ಮಗುವನ್ನು ನೋಡಲು ಬಂದವರು ಹೆಸರೇನಿಟ್ಟಿರಿ ಎಂದು ಕೇಳಿದರು. ಅಳಿಯನ ತಂದೆಯ ಹೆಸರು ಎಂದೆ. ಅವರ ಮುಖ ಅರಳಿತು. ಅವರ ಹಿರಿಯರಲ್ಲಿಯೂ ಮೊದಲ ಗಂಡುಮಗುವಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು ಇಡುವ ರೂಢಿ ಇತ್ತಂತೆ. ಅವರಿಗೂ ನಮ್ಮದೇ ತೊಡಕು: ಒಂದೇ ಊರಿನಲ್ಲಿ ನಾಲ್ಕು ಪ್ಯಾಟ್ರಿಕ್ ಕೆಲ್ಲಿಗಳು! ಮರುವಾರ ಅವರು ತಮ್ಮ ಮುತ್ತಜ್ಜಿಯ ಬೇರು ಹುಡುಕಲು ಕಿಲ್ಡೇರ್ ಬೀದಿಯ ರಾಷ್ಟ್ರೀಯ ಗ್ರಂಥಾಲಯಕ್ಕೆ ಹೋಗುವವರಿದ್ದರು. ನೀವೂ ಬನ್ನಿ ಎಂದು ನನ್ನನ್ನು ಕರೆದುಕೊಂಡು ಹೋದರು.

ಅಲ್ಲಿ ಒಂದು ಕೋಣೆಯಲ್ಲಿ ವಂಶಾವಳಿಯ ತಜ್ಞರು ಕುಳಿತು ಬಂದವರಿಗೆ ಸಲಹೆ ಕೊಡುತ್ತಾರೆ, ಒಂದು ಪೈಸೆಯನ್ನೂ ತೆಗೆದುಕೊಳ್ಳುವುದಿಲ್ಲ. ಪೂರ್ತಿ ಹುಡುಕಿಸಬೇಕೆಂದರೆ ಹಣ ಕೊಟ್ಟು ಖಾಸಗಿಯಾಗಿ ತಜ್ಞರನ್ನು ಗೊತ್ತು ಮಾಡಿಕೊಳ್ಳಬೇಕು. ಅಂಥ ತಜ್ಞರ ಸಂಘ 1986ರಲ್ಲೇ ಹುಟ್ಟಿದೆ, ಈಗ ಅದರ ಹೆಸರು ಅಕ್ರೆಡಿಟೆಡ್ ಜೀನಿಯಾಲಜಿಸ್ಟ್ಸ್ ಐರ್ಲೆಂಡ್. ಮಾಡಿದ ಕೆಲಸವನ್ನು ಪರೀಕ್ಷೆಗೆ ಒಪ್ಪಿಸಿ ಗೆದ್ದವರನ್ನೇ ಸದಸ್ಯರನ್ನಾಗಿ ಮಾಡಿಕೊಳ್ಳುತ್ತಾರೆ. ನಾವು ಹೋದ ದಿನ ಮೇಜಿನ ಆಚೆ ಕುಳಿತಿದ್ದ ಹೆಣ್ಣುಮಗಳು ಅಜ್ಜಿಯನ್ನು ಕೇಳಿದ ಮೊದಲ ಪ್ರಶ್ನೆ ಅಡ್ಡಹೆಸರಿನದಲ್ಲ, ಊರಿನದು. ಮೇಯೋ ಕೌಂಟಿ (ಜಿಲ್ಲೆ) ಎಂದರೆ ಸಾಲದು. ಯಾವ ಪ್ಯಾರಿಷ್, ಅಂದರೆ ಯಾವ ಚರ್ಚಿನ ವ್ಯಾಪ್ತಿ? ಯಾವ ಟೌನ್‌ಲ್ಯಾಂಡ್? ಟೌನ್‌ಲ್ಯಾಂಡ್ ಎಂದರೆ ನಮ್ಮ ಮಜರೆಯಂಥದು, ನೆಲದ ಅತಿ ಸಣ್ಣ ವಿಭಾಗ. ಆ ದ್ವೀಪದಲ್ಲಿ ಅಂಥವು 60,000ಕ್ಕೂ ಮಿಕ್ಕಿ ಇವೆ. ಅದು ಸಿಗದೆ ಒಬ್ಬ ಕೆಲ್ಲಿಯನ್ನು ಇನ್ನೊಬ್ಬ ಕೆಲ್ಲಿಯಿಂದ ಬೇರೆ ಮಾಡಲಾಗುವುದಿಲ್ಲ. ನನಗೆ ಆ ಕ್ಷಣ ಅಗಸಿಯ ಬಸಪ್ಪ, ಬಾವಿಯ ಕಡೆಯ ಬಸಪ್ಪ ಇಬ್ಬರೂ ಕಣ್ಣ ಮುಂದೆ ಬಂದು ನಿಂತರು.

ಐರ್ಲೆಂಡಿನವರಿಗೆ ಈ ಹುಡುಕಾಟ ಇಷ್ಟು ಕಷ್ಟವಾದದ್ದಕ್ಕೆ ಕಾರಣವಿದೆ. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಬಂದ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿ ದೇಶ ಬಿಟ್ಟರು. ಅವರ ಮರಿಮಕ್ಕಳು ಇಂದು ಅಮೆರಿಕ, ಕೆನಡಾ, ಆಸ್ಟ್ರೇಲಿಯಾಗಳಿಂದ ಬಂದು ಅಜ್ಜನ ಊರು ಯಾವುದೆಂದು ಕೇಳುತ್ತಾರೆ. ಉತ್ತರ ಹೇಳಬೇಕಾದ ಕಾಗದಗಳು ಸುಟ್ಟು ಹೋಗಿವೆ. 1922ರ ಜೂನ್ 30ರಂದು, ಅಲ್ಲಿಯ ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟದಲ್ಲಿ ಹೊತ್ತಿ ಉರಿಯಿತು. ಏಳು ಶತಮಾನಗಳ ಕಾಗದ ಒಂದು ಮಧ್ಯಾಹ್ನದಲ್ಲಿ ಬೂದಿಯಾಯಿತು. 1821, 1831, 1841, 1851ರ ಜನಗಣತಿಗಳು ಬಹುಪಾಲು ಹೋದವು, ಉಯಿಲುಗಳು ಹೋದವು, ಪ್ರಾಟೆಸ್ಟಂಟ್ ಚರ್ಚಿನ ರಿಜಿಸ್ಟರುಗಳಲ್ಲಿ ಅರ್ಧದಷ್ಟು ಹೋದವು. ಸುಟ್ಟ ಕಾಗದದ ಚೂರುಗಳು ಗಾಳಿಯಲ್ಲಿ ಹಾರಿ ಸಮುದ್ರ ತೀರದ ಹೌತ್‌ವರೆಗೂ ಹೋಗಿ ಬಿದ್ದವಂತೆ. 1861 ಮತ್ತು 1871ರ ಜನಗಣತಿಯ ಕಾಗದಗಳನ್ನು ಸರ್ಕಾರವೇ ಮೊದಲು ನಾಶ ಮಾಡಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿಗೆ ಹೋಗಿದ್ದವು.

ಉಳಿದದ್ದೇನು ಎಂದು ಕೇಳಿದೆ. ಕ್ಯಾಥೊಲಿಕ್ ಚರ್ಚಿನ ರಿಜಿಸ್ಟರುಗಳು ಉಳಿದವು ಎಂದರು. ಏಕೆಂದರೆ ಅವನ್ನು ಯಾರೂ ಡಬ್ಲಿನ್ನಿಗೆ ಒಯ್ದಿರಲಿಲ್ಲ. ಅವು ಆಯಾ ಊರಿನ ಪಾದ್ರಿಯ ಕಪಾಟಿನಲ್ಲೇ ಇದ್ದವು. ಈ ಮಾತನ್ನು ನಾನು ಮರೆತಿಲ್ಲ. ಗಟ್ಟಿ ಕಟ್ಟಡದಲ್ಲಿ ಒಟ್ಟಿಗೆ ಕೂಡಿಸಿಟ್ಟದ್ದು ಸುಟ್ಟಿತು, ಬಡಪಾಯಿಗಳ ಕೈಯಲ್ಲಿ ಚೆದುರಿದ್ದದ್ದು ಬದುಕಿತು. ಮುಂದೆ ಗ್ರಂಥಾಲಯದವರು ಊರೂರಿಗೆ ಹೋಗಿ ಆ ರಿಜಿಸ್ಟರುಗಳ ಚಿತ್ರ ತೆಗೆದರು, ಮೂಲವನ್ನು ಅಲ್ಲಿಯೇ ಬಿಟ್ಟರು. 2015ರ ಜುಲೈನಿಂದ ಆ ಚಿತ್ರಗಳನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಉಚಿತವಾಗಿ ನೋಡಬಹುದು. ನನ್ನ ಪಕ್ಕದ ಮನೆಯ ಅಜ್ಜಿ ಓದುಗನ್ನಡಕ ಏರಿಸಿಕೊಂಡು ಪರದೆಯ ಮೇಲೆ ಮಸುಕಾದ ಲ್ಯಾಟಿನ್ ಅಕ್ಷರಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಮಗುವಿನ ಹೆಸರು, ತಂದೆಯ ಹೆಸರು, ತಾಯಿಯ ಹೆಸರು. ತಾಯಿಯ ಹೆಸರಿನ ಮುಂದೆ ಅವಳ ತವರಿನ ಅಡ್ಡಹೆಸರು. ಗಂಡನ ಮನೆಗೆ ಬಂದು ಹೆತ್ತ ಹೆಂಗಸನ್ನು ಅವಳ ತವರಿನ ಹೆಸರಿನಿಂದಲೇ ಬರೆದಿಟ್ಟಿದ್ದಾರೆ. ಒಂದು ತಲೆಮಾರು ಹಿಂದೆ ಹೋದರೆ ಅವಳ ತಾಯಿಯೂ ಸಿಗುತ್ತಾಳೆ.

ಇನ್ನೊಂದು ಕಾಗದವನ್ನು ಅಂದು ಕಂಡೆ, ಅದನ್ನು ಕಂಡು ನನಗೆ ಮಾತೇ ಹೊರಡಲಿಲ್ಲ. 1908ರಲ್ಲಿ ಅಲ್ಲಿ ವೃದ್ಧಾಪ್ಯ ವೇತನದ ಕಾಯ್ದೆ ಬಂತು. 70 ತುಂಬಿದ ಬಡವರಿಗೆ ವಾರಕ್ಕೆ 5 ಶಿಲ್ಲಿಂಗ್. ಆದರೆ ಐರ್ಲೆಂಡಿನಲ್ಲಿ ಎಲ್ಲರ ಜನನ ನೋಂದಣಿ ಶುರುವಾದದ್ದೇ 1864ರಲ್ಲಿ. 70 ತುಂಬಿದವರ ಬಳಿ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಅವರು ಅರ್ಜಿ ಹಾಕುತ್ತಿದ್ದರು: ನಾನು ಇಂಥ ಊರಿನ ಇಂಥವರ ಮಗಳು, 1841ರ ಅಥವಾ 1851ರ ಜನಗಣತಿಯಲ್ಲಿ ನನ್ನ ಹೆಸರು ಹುಡುಕಿ. ಗುಮಾಸ್ತರು ದೊಡ್ಡ ಸಂಪುಟಗಳನ್ನು ತೆಗೆದು, ಸಿಕ್ಕಿದ್ದನ್ನು ಆ ಅರ್ಜಿಯ ಮೇಲೆಯೇ ಬರೆಯುತ್ತಿದ್ದರು. 1922ರಲ್ಲಿ ಸಂಪುಟಗಳು ಸುಟ್ಟವು, ಅರ್ಜಿಗಳು ಉಳಿದವು. ಇಂದು 1851ರ ಎಷ್ಟೋ ಮನೆಗಳು ಆ ಮುದುಕಿಯರು, ಮುದುಕರು 5 ಶಿಲ್ಲಿಂಗಿಗಾಗಿ ಹಾಕಿದ ಅರ್ಜಿಯಲ್ಲಿ ಮಾತ್ರ ಬದುಕಿವೆ. ಅಜ್ಜಿಯ ಮುತ್ತಜ್ಜಿಯ ಅರ್ಜಿ ಸಿಕ್ಕಿತು. ತಂದೆ, ತಾಯಿ, ಐದು ಮಕ್ಕಳ ಹೆಸರು ಮತ್ತು ವಯಸ್ಸು. ಅಜ್ಜಿ ಬೆರಳನ್ನು ಗಾಜಿನ ಮೇಲೆ ಇಟ್ಟು ಆ ಐದು ಹೆಸರುಗಳನ್ನು ಗಟ್ಟಿಯಾಗಿ ಓದಿದರು, ಥೇಟು ನಮ್ಮ ಹೆಳವಜ್ಜ ಹೇಳುವಂತೆ.

1911ರ ಜನಗಣತಿಯ ಹಾಳೆಯನ್ನೂ ನೋಡಿದೆವು. ಅದರಲ್ಲಿ ಮದುವೆಯಾದ ಹೆಂಗಸರಿಗೆ ಮೂರು ಪ್ರಶ್ನೆಗಳಿವೆ: ಮದುವೆಯಾಗಿ ಎಷ್ಟು ವರ್ಷ, ಜೀವಂತ ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವವರೆಷ್ಟು. ಅಜ್ಜಿಯ ಮನೆತನದ ಹಾಳೆಯಲ್ಲಿ 9 ಮತ್ತು 6 ಎಂದಿತ್ತು. ಸಹಿಯ ಜಾಗದಲ್ಲಿ ಅಡ್ಡಗೆರೆಯ ಗುರುತು. ನಮ್ಮಲ್ಲಾದರೆ ಹೆಬ್ಬೆಟ್ಟು. ನನ್ನ ಅಜ್ಜಿ ಎಷ್ಟು ಹೆತ್ತಳು, ಎಷ್ಟನ್ನು ಮಣ್ಣು ಮಾಡಿದಳು ಎಂದು ನನಗೆ ಗೊತ್ತಿಲ್ಲ. ಕೇಳಬೇಕಾದವರನ್ನು ಕೇಳಬೇಕಾದ ಕಾಲದಲ್ಲಿ ನಾನು ಕೇಳಲಿಲ್ಲ.

ಅಲ್ಲಿಯೂ ಮೊದಲು ಹೆಳವರಂಥ ಮನೆತನಗಳೇ ಇದ್ದವು. ಒಂದೊಂದು ಅರಸುಮನೆತನಕ್ಕೆ ಒಂದೊಂದು ವಂಶಾವಳಿಕಾರರ ಮನೆತನ. ಸ್ಲೈಗೋ ಸೀಮೆಯ ಮ್ಯಾಕ್‌ಫರ್ಬಿಸ್ ಮನೆತನದವರು ತಲೆತಲಾಂತರದಿಂದ ಆ ಕೆಲಸ ಮಾಡಿದವರು. ಆ ಮನೆತನದ ಡುವಾಲ್ಡ್ ಮ್ಯಾಕ್‌ಫರ್ಬಿಸ್ 1650ರ ಸುಮಾರಿಗೆ, ಇಂಗ್ಲೆಂಡಿನ ಕ್ರಾಮ್‌ವೆಲ್‌ನ ಸೈನ್ಯ ದೇಶವನ್ನು ತುಳಿಯುತ್ತಿದ್ದ ಕಾಲದಲ್ಲಿ, ಗಾಲ್ವೇ ಪಟ್ಟಣದಲ್ಲಿ ಕುಳಿತು ಐರಿಶ್ ಮನೆತನಗಳ ವಂಶಾವಳಿಯನ್ನೆಲ್ಲ ಒಂದು ಬೃಹತ್ ಗ್ರಂಥವಾಗಿ ಬರೆದಿಟ್ಟರು. ಅವರಿಗೆ ಆಶ್ರಯ ಕೊಟ್ಟ ಅರಸುಮನೆತನಗಳು ಹಾಳಾದವು, ಅವರೂ ಬಡವರಾದರು, 1671ರಲ್ಲಿ ಮುಪ್ಪಿನಲ್ಲಿ ಕೊಲೆಯಾದರು. ಅವರು ಕೈಯಿಂದ ಬರೆದ ಗ್ರಂಥ ಇಂದು ಡಬ್ಲಿನ್ನಿನ ವಿಶ್ವವಿದ್ಯಾಲಯದಲ್ಲಿ ಜೋಪಾನವಾಗಿದೆ. ಅವರನ್ನು ಅಲ್ಲಿ ವಿದ್ವಾಂಸರೆಂದು ಕರೆಯುತ್ತಾರೆ, ಬೇರೆ ಪದವನ್ನು ನಾನು ಕೇಳಲಿಲ್ಲ.

ಮಾತಿನ ನಡುವೆ ನಾನು ಎಲ್ಲಿಂದ ಬಂದವಳೆಂದು ಆ ತಜ್ಞೆ ಕೇಳಿದರು. ಬಾಗಲಕೋಟೆ ಅವರಿಗೆ ಗೊತ್ತಿರಲಿಲ್ಲ. ಬೆಳಗಾವಿ ಎಂದೆ, ಕಲಾದಗಿ ಎಂದೆ, ಆಗ ತಲೆಯಾಡಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಬಿಳಿಯರ ಪಲ್ಟಣಗಳಿಗೆ ಬಡ ಐರಿಶ್ ಹುಡುಗರು ದೊಡ್ಡ ಸಂಖ್ಯೆಯಲ್ಲಿ ಸೇರುತ್ತಿದ್ದರು. ಅಂಥವರು ಬೆಳಗಾವಿ, ಕಲಾದಗಿಯಂಥ ದಂಡಿನ ಊರುಗಳಲ್ಲಿ ಇದ್ದರು, ಸತ್ತರು. ಮುಂಬಯಿ ಪ್ರಾಂತ್ಯದ ಚರ್ಚುಗಳಲ್ಲಿ ಬರೆದ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪ್ರತಿಗಳು ವರ್ಷವರ್ಷವೂ ಲಂಡನ್ನಿಗೆ ಹೋಗುತ್ತಿದ್ದವು, ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಕಲಾದಗಿ ನಮಗೆ ದಾಳಿಂಬೆಯ ಊರು. 1885ರವರೆಗೆ ಅದೇ ಜಿಲ್ಲೆಯ ಮುಖ್ಯ ಊರಾಗಿತ್ತು. ಅಲ್ಲಿ ಜ್ವರದಿಂದ ಸತ್ತ ಒಬ್ಬ ಐರಿಶ್ ಸಿಪಾಯಿಯ ಹೆಸರು ಇಂದಿಗೂ ಲಂಡನ್ನಿನಲ್ಲಿ ಸಿಗುತ್ತದೆ. ಅದೇ ಕಲಾದಗಿಯಲ್ಲಿ 1876–78ರ ಬರದಲ್ಲಿ ಸತ್ತ ನಮ್ಮ ಜನರ ಹೆಸರು ಎಲ್ಲಿದೆ? ಹೆಳವರ ಪುಸ್ತಕದಲ್ಲಿದೆ. ಇನ್ನೆಲ್ಲಿಯೂ ಇಲ್ಲ.

ಅದರಲ್ಲಿಯೂ ಎಲ್ಲರ ಹೆಸರು ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ಹೆಳವರು ಒಕ್ಕಲು ಮನೆಗಳಿಗೆ ಹೋದರು. ಹೊಲವಿಲ್ಲದವರ, ಕೇರಿಯ ಜನರ ಎಷ್ಟೋ ಮನೆಗಳ ಹೆಸರು ಯಾರ ಪುಸ್ತಕಕ್ಕೂ ಏರಲಿಲ್ಲ. ಐರ್ಲೆಂಡಿನಲ್ಲಿ 1847ರಿಂದ 1864ರವರೆಗೆ ತೆರಿಗೆಗಾಗಿ ನಡೆದ ಗ್ರಿಫಿತ್ ಮೌಲ್ಯಮಾಪನದಲ್ಲಿ ಜಮೀನುದಾರನ ಜೊತೆಗೆ ಗುಡಿಸಲಿನ ಗೇಣಿದಾರನ ಹೆಸರೂ ಇದೆ. ನಮ್ಮಲ್ಲಿ ಅಂಥದ್ದು ಸಿಗುವುದು ವಿರಳ. ಹೆಣ್ಣುಮಕ್ಕಳಂತೂ ಹೆಳವರ ಹಾಳೆಯಲ್ಲಿ ಇಲ್ಲವೇ ಇಲ್ಲ. ನನ್ನ ತಂದೆಯ ಹೆಸರಿನ ಕೆಳಗೆ ನನ್ನ ಇಬ್ಬರು ಅಣ್ಣಂದಿರ ಹೆಸರಿತ್ತು, ನನ್ನದಿರಲಿಲ್ಲ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂದು ಇಷ್ಟು ವರ್ಷವಾದರೂ ವಂಶಾವಳಿಯಲ್ಲಿ ಅವಳಿಗೆ ಜಾಗವಿಲ್ಲ.

ಡಬ್ಲಿನ್ನಿನಿಂದ ಬಂದ ಮರುವರ್ಷ, ಕೊರೊನಾ ಬರುವ ಸ್ವಲ್ಪ ಮೊದಲು, ಹೆಳವಜ್ಜ ಅಣ್ಣನ ಮನೆಗೆ ಬಂದಾಗ ನಾನು ಹೋಗಿ ಎದುರಿಗೆ ಕುಳಿತೆ. ‘ನನ್ನ ಹೆಸರನ್ನೂ ಬರೆಯಿರಿ’ ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ‘ನಮ್ಮ ಹಿರಿಯರು ಹೆಣ್ಣುಮಕ್ಕಳನ್ನು ಬರೆದವರಲ್ಲ, ಅಕ್ಕನವರೇ’ ಎಂದರು. ‘ಹೆಣ್ಣುಮಕ್ಕಳು ಬರೆಯಿರಿ ಎಂದು ಕೇಳಿದವರೂ ಅಲ್ಲ, ಹೆಳವಜ್ಜ’ ಎಂದೆ. ಅವರು ಅಣ್ಣನ ಕಡೆಗೆ ನೋಡಿದರು. ಅಣ್ಣ, ಬರೆಯಿರಿ ಎಂದ. ಹೆಳವಜ್ಜ ಹಾಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಅಣ್ಣಂದಿರಿಬ್ಬರ ಹೆಸರಿನ ಪಕ್ಕದ ಸಣ್ಣ ಜಾಗದಲ್ಲಿ, ಅಕ್ಷರಗಳನ್ನು ಒತ್ತೊತ್ತಾಗಿ ಕೂಡಿಸಿ ನನ್ನ ಹೆಸರು ಬರೆದರು, ಕೊಟ್ಟ ಊರನ್ನೂ ಬರೆದರು. ‘ನಿಮ್ಮ ತಾಯಿಯ ತವರು ಯಾವುದು?’ ಎಂದು ತಾವೇ ಕೇಳಿ ಅದನ್ನೂ ಬರೆದುಕೊಂಡರು. 37 ವರ್ಷ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರು ಬರೆದವಳು ನಾನು. ಹುಟ್ಟಿದ ದಿನ ಗೊತ್ತಿಲ್ಲದ ಎಷ್ಟೋ ಮಕ್ಕಳಿಗೆ ಜೂನ್ 1 ಎಂದು ನಾನೇ ಬರೆದಿದ್ದೇನೆ. ಆ ಸುಳ್ಳು ಇಂದು ಅವರ ಆಧಾರ್ ಕಾರ್ಡಿನಲ್ಲಿ ಸರ್ಕಾರಿ ಸತ್ಯವಾಗಿದೆ. ಹೆಳವಜ್ಜ ಗೊತ್ತಿಲ್ಲದ್ದನ್ನು ಬರೆದದ್ದನ್ನು ನಾನು ಕಂಡಿಲ್ಲ. ಗೊತ್ತಿಲ್ಲದಿದ್ದರೆ ಜಾಗವನ್ನು ಖಾಲಿ ಬಿಡುತ್ತಾರೆ.

ಅವರಿಗೆ ಈಗ 80ರ ಹತ್ತಿರ. ಮಗ ಟೆಂಪೊ ಓಡಿಸುತ್ತಾನೆ. ಮೊಮ್ಮಗಳು ಮುಧೋಳದಲ್ಲಿ ಕಾಲೇಜು ಓದುತ್ತಾಳೆ. ಮೋಡಿ ಬಲ್ಲವರು ಆ ಮನೆಯಲ್ಲಿ ಅವರೊಬ್ಬರೇ. ನಾನು ಒತ್ತಿ ಹೇಳುವುದು ಇಷ್ಟು: ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳ ಹೆಳವರ ಪುಸ್ತಕಗಳ ಚಿತ್ರವನ್ನು ಸರ್ಕಾರ ತೆಗೆಸಬೇಕು. ಮೂಲ ಪುಸ್ತಕ ಅವರ ಮನೆಯಲ್ಲೇ ಇರಬೇಕು. ಸಂರಕ್ಷಣೆಯ ಹೆಸರಿನಲ್ಲಿ ಅದನ್ನು ಕಿತ್ತುಕೊಂಡು ಒಂದು ಕೋಣೆಯಲ್ಲಿ ಪೇರಿಸಬಾರದು. ಹಾಗೆ ಪೇರಿಸಿದ್ದು ಏನಾಯಿತೆಂದು ಡಬ್ಲಿನ್ನಿನವರನ್ನು ಕೇಳಿದರೆ ಗೊತ್ತಾಗುತ್ತದೆ. ಅಲ್ಲಿ ಸುಟ್ಟದ್ದನ್ನು ಬೇರೆ ಬೇರೆ ಕಡೆಯ ಪ್ರತಿಗಳಿಂದ ಮತ್ತೆ ಕೂಡಿಸುವ ಕೆಲಸದ ಫಲ ಜನರಿಗೆ ತೆರೆದುಕೊಂಡದ್ದು 2022ರಲ್ಲಿ, ಸರಿಯಾಗಿ 100 ವರ್ಷದ ಮೇಲೆ. ನಮ್ಮಲ್ಲಿ ಇನ್ನೂ ಸುಟ್ಟಿಲ್ಲ. ಗೆದ್ದಲು ಮಾತ್ರ ಹತ್ತಿದೆ.

ಹೆಳವರ ಒಪ್ಪಿಗೆ ಬೇಕು, ಅವರಿಗೆ ದಿನದ ಲೆಕ್ಕದಲ್ಲಿ ಸರಿಯಾದ ಸಂಭಾವನೆ ಬೇಕು, ಬದುಕಿರುವವರ ಹೆಸರುಗಳನ್ನು ಎಲ್ಲರ ಕಣ್ಣಿಗೆ ಬೀಳದಂತೆ ಇಡಬೇಕು. ಅಲ್ಲಿಯೂ ಜನಗಣತಿಯ ಹಾಳೆಗಳಿಗೆ 100 ವರ್ಷದ ತಡೆ ಇದೆ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರನ್ನು ಒಂದು ಬೇಸಿಗೆ ಹೆಳವರ ಜೊತೆ ಊರೂರಿಗೆ ಕಳುಹಿಸಿದರೆ, ಪುಸ್ತಕದಲ್ಲಿ ಇಲ್ಲದ ತಾಯಂದಿರ ಹೆಸರುಗಳನ್ನು ಮನೆಯ ಮುದುಕಿಯರು ಇನ್ನೂ ಹೇಳಬಲ್ಲರು. ಇದೇ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಜಗಲಿಯ ಮೇಲೆ ಪೂಜೆಗೆ ಇಟ್ಟಿದ್ದ ತಾಡೋಲೆಗಳನ್ನು ಮನೆಮನೆಗೆ ತಿರುಗಿ ಸಂಗ್ರಹಿಸಿ 1923ರಲ್ಲಿ ವಚನಗಳನ್ನು ಅಚ್ಚಿಗೆ ತಂದರು. ಅಂದು ಆ ಓಲೆಗಳನ್ನೂ ಯಾರೂ ದಾಖಲೆ ಎಂದಿರಲಿಲ್ಲ.

ನಾಡಕಚೇರಿಗಳಲ್ಲಿ ವಂಶವೃಕ್ಷದ ಪ್ರಮಾಣಪತ್ರಕ್ಕೆ ಜನ ದಿನವೂ ಸರತಿಯಲ್ಲಿ ನಿಲ್ಲುತ್ತಾರೆ. ಪಂಚರ ಹೇಳಿಕೆ ತೆಗೆದುಕೊಳ್ಳುತ್ತಾರೆ, ಅಕ್ಕಪಕ್ಕದವರ ಸಹಿ ತೆಗೆದುಕೊಳ್ಳುತ್ತಾರೆ. ಆ ಮನೆತನದ ಹೆಳವರ ಪುಸ್ತಕವಿದ್ದರೆ ಅದನ್ನೂ ಪೂರಕ ದಾಖಲೆಯಾಗಿ ನೋಡಿ ಎಂದು ಒಂದು ಸುತ್ತೋಲೆ ಹೊರಡಿಸಲು ಏನು ಅಡ್ಡಿ? ನಮ್ಮ ಜಿಲ್ಲಾಧಿಕಾರಿಗಳು ಈ ಪತ್ರವನ್ನು ಓದಿದರೆ ದಯವಿಟ್ಟು ಯೋಚಿಸಲಿ.

ನಿಮ್ಮಿಂದ ನಾನು ಕೇಳುವುದು ಇನ್ನೂ ಸಣ್ಣದು. ಆ ಸಾಲನ್ನು ತಿದ್ದಿ ಅಚ್ಚು ಮಾಡಿ. ಹೆಳವಜ್ಜನಿಗೆ ಓದಲು ಬರುತ್ತದೆ, ಅವರು ಪತ್ರಿಕೆಯನ್ನು ನೋಡಿದ್ದಾರೆ. ಸೋಮವಾರ ಫೋನ್ ಮಾಡಿದಾಗ ಚಿತ್ರದ ಬಗ್ಗೆ ಏನೂ ಹೇಳಲಿಲ್ಲ, ಎತ್ತು ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿದರು. ಈ ವರ್ಷ ಜೋಳದ ರಾಶಿ ಮುಗಿದ ಮೇಲೆ ಅಣ್ಣನ ಮನೆಗೆ ಬರುತ್ತಾರೆ. ಮೊಮ್ಮಗಳು ಜೊತೆಗೆ ಬರುತ್ತಾಳಂತೆ, ಮೋಡಿ ಕಲಿಯಲು ಶುರು ಮಾಡಿದ್ದಾಳಂತೆ. ಅಂದು ನಿಮ್ಮ ವರದಿಗಾರರನ್ನು ಕಳುಹಿಸಿ. ಎತ್ತಿನ ಚಿತ್ರ ತೆಗೆಯುವ ಮೊದಲು ಅವರ ಹೆಸರು, ಅವರ ತಂದೆಯ ಹೆಸರು, ಅಜ್ಜನ ಹೆಸರು ಕೇಳಿ ಬರೆದುಕೊಳ್ಳಲಿ. ಅವರ ಒಪ್ಪಿಗೆಯಿಲ್ಲದೆ ನಾನು ಇಲ್ಲಿ ಬರೆಯಲಾರೆ. ಸಾವಿರಾರು ಮನೆಗಳ ಹೆಸರು ಬಲ್ಲವರ ಚಿತ್ರದ ಕೆಳಗೆ ಅವರದೇ ಹೆಸರು ಇರಲಿಲ್ಲ.

ನಿಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ,
ನವನಗರ, ಬಾಗಲಕೋಟೆ